ಸಿಸ್ಟಮ್ಯಾಟಿಕ್ ರಿವ್ಯೂ: ಹುಡುಕಲು ಕೂರುವ ಮೊದಲು ಲೈಬ್ರರಿಯನ್ ಬಳಿ ಹೋಗಿ

ಒಂದು ಪ್ರಶ್ನೆಗೆ ಸಂಬಂಧಿಸಿದ ಪ್ರಬಂಧಗಳನ್ನೆಲ್ಲ ಕ್ರಮವಾಗಿ ಹುಡುಕಿ, ಆರಿಸಿ, ಒಟ್ಟಿಗೆ ನೋಡುವುದೇ ಸಿಸ್ಟಮ್ಯಾಟಿಕ್ ರಿವ್ಯೂ. ಮುಂಬೈನ ಕಲೀನಾದಲ್ಲಿ, ದೇವನಾರ್‌ನಲ್ಲಿ, ಪರೇಲ್‌ನ ಆಸ್ಪತ್ರೆಗಳಲ್ಲಿ ಸಂಶೋಧನೆ ಮಾಡುವ ನಮ್ಮ ಹುಡುಗ ಹುಡುಗಿಯರು ಲೈಬ್ರರಿಯನ್ನರನ್ನು ಕಾಣುವುದು ಹೆಚ್ಚಾಗಿ ಪಿಡಿಎಫ್ ಸಿಗದಿದ್ದಾಗ. ನಾನೂ ಹಾಗೇ ಮಾಡಿ ಎರಡು ತಿಂಗಳ ಹುಡುಕಾಟವನ್ನು ಮೊದಲಿಂದ ಮಾಡಬೇಕಾಯಿತು.

ಮೊದಲು ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆಯಿರಿ: ಯಾರ ಬಗ್ಗೆ, ಯಾವ ಕೆಲಸ ಅಥವಾ ಔಷಧ, ಯಾರಿಗೆ ಹೋಲಿಸಿ, ಯಾವ ಪರಿಣಾಮ. ಉದಾಹರಣೆಗೆ, ಬೀಡಿ ಕಟ್ಟುವ ಹೆಂಗಸರಿಗೆ ಉಸಿರಾಟದ ತೊಂದರೆ ಉಳಿದವರಿಗಿಂತ ಹೆಚ್ಚೇ? ರಿವ್ಯೂನಲ್ಲಿ ಇರಲೇಬೇಕು ಎನಿಸುವ ನಾಲ್ಕೈದು ಪ್ರಬಂಧಗಳನ್ನೂ ಜೊತೆಗೆ ಒಯ್ಯಿರಿ. ಪರೀಕ್ಷೆಯ ದಿನಗಳನ್ನು ಬಿಟ್ಟು, ಒಂದು ಗಂಟೆ ಬಿಡುವು ಕೇಳಿ.

ಈಗ ಪದಗಳ ಕೆಲಸ. ಲೈಬ್ರರಿಯನ್ ಕೈಗುಣ ಕಾಣುವುದು ಇಲ್ಲಿಯೇ. ಬೀಡಿಗೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಸ್ಪೆಲ್ಲಿಂಗ್ ಇವೆ. ನಮ್ಮ ಊರು 1995ಕ್ಕೆ ಮುಂಚಿನ ಪ್ರಬಂಧಗಳಲ್ಲಿ ಬಾಂಬೆ. ಮುಂಬೈ ಎಂದಷ್ಟೇ ಹುಡುಕಿದರೆ ಅವು ಕೈತಪ್ಪುತ್ತವೆ. ವೈದ್ಯಕೀಯ ಪ್ರಬಂಧಗಳ ಡೇಟಾಬೇಸ್ ಆದ ಪಬ್‌ಮೆಡ್‌ನಲ್ಲಿ ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದಡಿ ತರುವ ಮೆಶ್ ಶೀರ್ಷಿಕೆಗಳಿವೆ. ಸಮಾನಾರ್ಥಕಗಳ ನಡುವೆ ಆರ್ (OR), ಬೇರೆ ಬೇರೆ ಅಂಶಗಳ ನಡುವೆ ಆ್ಯಂಡ್ (AND) ಹಾಕಿ ಹುಡುಕಿ. ನೀವು ಒಯ್ದ ಪ್ರಬಂಧಗಳಲ್ಲಿ ಒಂದು ಬಾರದಿದ್ದರೂ ಯಾಕೆಂದು ಇಬ್ಬರೂ ಕೂತು ನೋಡಬೇಕು. ಸಾಧ್ಯವಾದರೆ ಮತ್ತೊಬ್ಬ ಲೈಬ್ರರಿಯನ್ ಕಣ್ಣಾಡಿಸಲಿ.

ಪಬ್‌ಮೆಡ್ ಒಂದೇ ಸಾಲದು. ಅದು ಉಚಿತ, ಇಂಥವೇ ಡೇಟಾಬೇಸ್ ಆದ ಎಂಬೇಸ್, ಸ್ಕೋಪಸ್‌ಗೆ ಚಂದಾ ಬೇಕು. ನಿಮ್ಮ ಸಂಸ್ಥೆಯಲ್ಲಿ ಯಾವುದು ಇದೆ ಎಂದು ಲೈಬ್ರರಿಯನ್ನರನ್ನೇ ಕೇಳಿ.

ವೈದ್ಯಕೀಯ ವಿಷಯವಾದರೆ ಪ್ರೋಟೋಕಾಲನ್ನು, ಅಂದರೆ ರಿವ್ಯೂ ಹೇಗೆ ಮಾಡುತ್ತೀರಿ ಎಂಬ ಯೋಜನೆಯನ್ನು, ರಿವ್ಯೂಗಳ ನೋಂದಣಿ ತಾಣವಾದ ಪ್ರಾಸ್ಪೆರೊದಲ್ಲಿ ನೋಂದಾಯಿಸಿ, ಅದೂ ಪ್ರಬಂಧಗಳ ಆಯ್ಕೆ ಶುರುಮಾಡುವ ಮೊದಲು. ಹುಡುಕಿದ ದಿನ, ಡೇಟಾಬೇಸ್, ಪೂರ್ತಿ ಹುಡುಕು ಸಾಲು, ಸಿಕ್ಕ ಸಂಖ್ಯೆ ಎಲ್ಲವನ್ನೂ ಅಂದೇ ಬರೆದಿಡಿ. ರಿವ್ಯೂ ವರದಿಯಲ್ಲಿ ಏನೇನಿರಬೇಕು ಎಂದು ಹೇಳುವ ಮಾರ್ಗಸೂಚಿ ಪ್ರಿಸ್ಮಾ 2020ರ 27 ಅಂಶಗಳ ಪಟ್ಟಿ ಇದನ್ನು ಕೇಳುತ್ತದೆ. ಹುಡುಕಾಟಕ್ಕೆಂದೇ 2021ರಲ್ಲಿ ಬಂದ ಪ್ರಿಸ್ಮಾ-ಎಸ್‌ನಲ್ಲಿ 16 ಅಂಶಗಳಿವೆ. ಎರಡೆರಡು ಸಲ ಬಂದವನ್ನು ಪ್ರಬಂಧಗಳ ಪಟ್ಟಿ ಇಡುವ ತಂತ್ರಾಂಶ ಜೊಟೆರೊದಲ್ಲಿ ತೆಗೆಯಲು ಲೈಬ್ರರಿಯನ್ನರೇ ಕಲಿಸಿಕೊಡುತ್ತಾರೆ.

ಪ್ರಬಂಧಗಳನ್ನು ಓದಿ ಆರಿಸುವುದು ಮಾತ್ರ ನಿಮ್ಮ ಕೆಲಸ. ಇಬ್ಬರು ಬೇರೆ ಬೇರೆಯಾಗಿ ಮಾಡಬೇಕು. ಹುಡುಕಾಟವನ್ನೇ ಕಟ್ಟಿಕೊಟ್ಟವರ ಹೆಸರು ಲೇಖಕರ ಸಾಲಿನಲ್ಲಿ ಇರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಮಾತನ್ನು ಮೊದಲ ಭೇಟಿಯಲ್ಲೇ ಆಡಿ ಮುಗಿಸಿ.

ಬರೆದು ಮುಗಿಸುವಷ್ಟರಲ್ಲಿ ವರ್ಷ ದಾಟಿದ್ದರೆ, ಕಳಿಸುವ ಮುಂಚೆ ಅದೇ ಸಾಲುಗಳಿಂದ ಇನ್ನೊಮ್ಮೆ ಹುಡುಕಿ ಹೊಸದನ್ನು ಸೇರಿಸಿ.