ಗೋರೆಗಾಂವ್‌ನಲ್ಲಿ ಗುಂಡಿ ತೋಡಿದ ಕಥೆ

ಸೀರಿಯಲ್‌ನವರಿಗೆ ಬೇಕಾಗಿದ್ದದ್ದು ಒಂದು ತಲೆಬುರುಡೆ. ಕಥೆಯ ನಾಯಕಿ ಪುರಾತತ್ವಜ್ಞೆ. ಬುರುಡೆ ಅವಳ ಕೈಗೆ ಸಿಗಬೇಕು, ಬೆನ್ನಿಗೇ ಶಾಪ ಶುರುವಾಗಬೇಕು. ಬುರುಡೆ ಮಣ್ಣಲ್ಲಿ ಹೇಗೆ ಕೂತಿರುತ್ತದೆ ಅಂತ ಹೇಳಿಕೊಡುವವರನ್ನು ಹುಡುಕುತ್ತಾ ಪುಣೆಗೆ, ನನಗೆ ಫೋನ್ ಮಾಡಿದರು. ನಾನು ಧಾರವಾಡದವಳು. ಡೆಕ್ಕನ್ ಕಾಲೇಜಿನಲ್ಲಿ ಓದಿ ಇಲ್ಲೇ ಉಳಿದುಕೊಂಡೆ. ಉತ್ಖನನ ನನ್ನ ಕೆಲಸ, ಅದಕ್ಕಿಂತ ಜಾಸ್ತಿ ಅದರ ವರದಿ ಬರೆಯುವುದು. ಟಿವಿಯಲ್ಲಿ ನಮ್ಮನ್ನು ತೋರಿಸುವ ರೀತಿ ನೋಡಿ ಮನೆಯಲ್ಲಿ ಕೂತು ಬೈದುಕೊಂಡಿದ್ದು ಸಾಕಾಗಿತ್ತು. ಬರುತ್ತೇನೆ ಅಂದೆ.

ಮುಂಬೈನ ಗೋರೆಗಾಂವ್‌ನ ಸೆಟ್‌ನಲ್ಲಿ ಆಗಲೇ ಒಂದು ಗುಂಡಿ ತೋಡಿಟ್ಟಿದ್ದರು. ದುಂಡಗೆ, ಬಾವಿಯ ಹಾಗಿತ್ತು. ಇದನ್ನು ಚೌಕ ಮಾಡಿ, ಅಂಚು ಚೂರಿಯಿಂದ ಕೊಯ್ದ ಹಾಗೆ ನೇರ ಇರಲಿ ಅಂದೆ. ನಿರ್ದೇಶಕರಿಗೆ ಅದು ಸುಮ್ನೆ ಅಚ್ಚುಕಟ್ಟಿನ ವಿಷಯ ಅನಿಸಿತು. ಅಲ್ಲ. ನಮ್ಮ ಚೌಕದ ಪಕ್ಕದ ಗೋಡೆಯೇ ನಮ್ಮ ಸಾಕ್ಷಿ. ಯಾವ ವಸ್ತು ಯಾವ ಪದರದಲ್ಲಿ, ಯಾವುದರ ಮೇಲೆ, ಯಾವುದರ ಕೆಳಗೆ ಇತ್ತು ಅನ್ನುವುದನ್ನು ಆ ಗೋಡೆ ನೋಡಿಯೇ ಬರೆದುಕೊಳ್ಳಬೇಕು. ಅಗೆಯುವುದು ಅಂದರೆ ಆ ಜಾಗವನ್ನು ಕೆಡಿಸುವುದು. ಎರಡನೇ ಸಲ ಅಗೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಬರೆದುಕೊಳ್ಳದೆ ಎತ್ತಿದ ಬುರುಡೆ ಬರೀ ಎಲುಬು, ಅಷ್ಟೇ.

ಹೀಗೆ ಚೌಕ ಚೌಕವಾಗಿ ಅಗೆದು ನಡುವೆ ಮಣ್ಣಿನ ಗೋಡೆ ಬಿಡುವ ಪದ್ಧತಿಯನ್ನು ನಮ್ಮಲ್ಲಿ ಬೇರೂರಿಸಿದ್ದು ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಅಗೆಸಿದವರು ಅವರೇ. ಆಮೇಲೆ ಇಂಗ್ಲೆಂಡಿಗೆ ಮರಳಿ ಬಿಬಿಸಿಯ ಒಂದು ಕ್ವಿಜ್‌ನಲ್ಲಿ ಕೂತು, ಮ್ಯೂಸಿಯಂನಿಂದ ತಂದ ವಸ್ತುಗಳನ್ನು ಗುರುತಿಸುತ್ತಾ ಎಷ್ಟು ಜನಪ್ರಿಯರಾದರು ಅಂದರೆ, 1954ರಲ್ಲಿ ಅಲ್ಲಿನ ವರ್ಷದ ಟಿವಿ ವ್ಯಕ್ತಿ ಅಂತ ಪ್ರಶಸ್ತಿ ಬಂತು. ನಮ್ಮ ಕಸುಬಿಗೂ ಟಿವಿಗೂ ಹಳೇ ನಂಟೇ, ಅಲ್ವಾ?

ಆರ್ಟ್ ಡಿಪಾರ್ಟ್‌ಮೆಂಟ್‌ನಲ್ಲಿ ವಿಜಯಪುರ ಕಡೆಯ ಹುಡುಗ ಒಬ್ಬನಿದ್ದ. ನನ್ನ ಹಿಂದಿ ಕೇಳಿಯೇ ಕನ್ನಡದವಳು ಅಂತ ಗುರುತು ಹಿಡಿದ. ಮುಂದಿನದೆಲ್ಲ ಅವನ ಜೊತೆಗೇ. ಗುಂಡಿಯ ಗೋಡೆಗೆ ಇಬ್ಬರೂ ಸೇರಿ ಪದರ ಬಳಿದೆವು. ಮೇಲೆ ಎರೆಮಣ್ಣು, ಕೆಳಗೆ ಕಂದು, ನಡುವೆ ಒಲೆಯ ಬೂದಿ, ತಳಕ್ಕೆ ಗರಸು.

“ಅಕ್ಕಾರ, ಬೂದಿ ಎಷ್ಟ್ ದಪ್ಪ ಹಾಕ್ಲಿ?”

“ನಾಲ್ಕ್ ಬೆರಳು ಸಾಕಪಾ. ಆದ್ರ ಪೂರಾ ಗೋಡಿಗೆ ಬ್ಯಾಡ. ಒಲಿ ಒಂದ್ ಕಡೆ ಇರ್ತದ, ಮನಿ ತುಂಬ ಇರಂಗಿಲ್ಲ.”

ಅವನು ಬೂದಿಯನ್ನು ಒಂದು ಮೂಲೆಯಲ್ಲಿ ತಗ್ಗು ಮಾಡಿ ಎರಡೂ ಕಡೆ ತೆಳ್ಳಗೆ ಇಳಿಸಿದ. ಪಕ್ಕದಲ್ಲಿ ಪದರದ ನಂಬರ್ ಬರೆದ ಚೀಟಿ ಚುಚ್ಚಿದೆವು. ಮೇಲಿನದು ಒಂದು, ಅದರ ಕೆಳಗಿನದು ಎರಡು, ಹೀಗೆ. ಎಷ್ಟೋ ನಿಜವಾದ ಕ್ಯಾಂಪ್‌ಗಳಲ್ಲಿ ಇಷ್ಟು ಚೆಂದದ ಗೋಡೆ ನಾನು ನೋಡಿಲ್ಲ.

ಇನ್ನು ಬುರುಡೆ. ಅದು ಮಣ್ಣಿಂದ ಮುಖ ಎತ್ತಿ ಕ್ಯಾಮೆರಾ ನೋಡಬೇಕು ಅಂತ ಅವರ ಆಸೆ. ಸತ್ತವರನ್ನು ನಿಜಕ್ಕೂ ಹೇಗೆ ಹೂಳುತ್ತಿದ್ದರು ಅಂತ ತಿಳಿಯಲಿ ಅಂತ ನಾನು ಇನಾಮ್‌ಗಾಂವ್ ಕಥೆ ಹೇಳಿದೆ. ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ, ಘೋಡ್ ನದಿ ದಂಡೆಯ ಊರು. ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಲ್ಲಿ ಅಗೆದರು. ಸುಮಾರು ಕ್ರಿ.ಪೂ. 1600ರಿಂದ 700ರವರೆಗೆ ಜನ ಬದುಕಿದ್ದ ಜಾಗ ಅದು. ಸತ್ತ ಮಕ್ಕಳನ್ನು ಎರಡು ಮಡಕೆಗಳಲ್ಲಿಟ್ಟು, ಮಡಕೆಗಳ ಬಾಯಿಗೆ ಬಾಯಿ ಕೂಡಿಸಿ, ಮನೆಯ ನೆಲದಡಿಯೇ ಹೂಳುತ್ತಿದ್ದರು. ದೊಡ್ಡವರನ್ನು ಹೂಳುವಾಗ ಪಾದ ಕತ್ತರಿಸುತ್ತಿದ್ದರು.

ಪಾದದ ವಿಷಯ ಬಂದದ್ದೇ ನಿರ್ದೇಶಕರ ಕಣ್ಣು ಅರಳಿತು. ಯಾಕೆ ಕತ್ತರಿಸಿದರು ಅಂತ ಕೇಳಿದರು. ಸತ್ತವರು ಎದ್ದು ಹೋಗದಿರಲಿ ಅಂತ ಇರಬಹುದು, ಆದರೆ ಅದು ಊಹೆ ಅಂದೆ. ಸಂಭಾಷಣೆಯಲ್ಲಿ ‘ಇರಬಹುದು’ ಇಟ್ಟುಕೊಳ್ಳುವುದಕ್ಕೆ ಅವರು ಸುತಾರಾಂ ಒಪ್ಪಲಿಲ್ಲ. ನಾಯಕಿ ಅನುಮಾನದಿಂದ ಮಾತಾಡಿದರೆ ಜನ ಚಾನೆಲ್ ಬದಲಾಯಿಸುತ್ತಾರಂತೆ. ಜಗ್ಗಾಡಿ ಜಗ್ಗಾಡಿ ಒಂದೇ ಒಂದು ‘ಬಹುಶಃ’ ಉಳಿಸಿಕೊಂಡೆ.

ಬುರುಡೆಯನ್ನು ಮುಟ್ಟಿದ ಕೂಡಲೇ ನಾಯಕಿ ಅದರ ವಯಸ್ಸು ಹೇಳಬೇಕಿತ್ತು. ಇದಕ್ಕೆ ನಾನು ಬಿಡಲಿಲ್ಲ. ಕಾಲ ತಿಳಿಯಲು ನಾವು ಅದೇ ಪದರದ ಇದ್ದಿಲಿನ ಚೂರನ್ನು ಕೈ ತಾಗಿಸದೆ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಲ್ಯಾಬಿಗೆ ಕಳಿಸುತ್ತೇವೆ. ತಿಂಗಳುಗಟ್ಟಲೆ ಕಾಯುತ್ತೇವೆ. ಬರುವ ಉತ್ತರವೂ ಇಷ್ಟರಿಂದ ಇಷ್ಟರೊಳಗೆ ಅಂತಲೇ ಇರುತ್ತದೆ, ಒಂದೇ ಇಸವಿ ಬರುವುದಿಲ್ಲ. ಡಿಎನ್‌ಎ ಅಂತೂ ಕೇಳಲೇಬೇಡಿ. ಹರಿಯಾಣದ ರಾಖಿಗಢಿ ಅನ್ನುವ ಹರಪ್ಪ ಕಾಲದ ನೆಲೆಯಲ್ಲಿ 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿ ಕೊನೆಗೆ ಫಲ ಕೊಟ್ಟದ್ದು ಒಬ್ಬ ಹೆಂಗಸಿನ ಅಸ್ಥಿ. ಅದು ಪ್ರಕಟವಾದದ್ದು 2019ರಲ್ಲಿ. ಇವರ ಸ್ಕ್ರಿಪ್ಟಿನಲ್ಲಿ ರಾತ್ರೋರಾತ್ರಿ ಡಿಎನ್‌ಎ ಬಂದು, ಬುರುಡೆ ನಾಯಕಿಯ ಹಿಂದಿನ ಜನ್ಮದ್ದು ಅಂತ ಸಾಬೀತಾಗುತ್ತಿತ್ತು!

ಆದರೆ ಬರೀ ಬೇಡ ಅಂದರೆ ಸೆಟ್‌ನಲ್ಲಿ ನಡೆಯಲ್ಲ. ಬದಲಿಗೆ ಒಂದು ಕೊಡಬೇಕು. ನಾನು ಕೊಟ್ಟದ್ದು ಬೋಕಿ, ಅಂದರೆ ಒಡೆದ ಮಡಕೆಯ ಚೂರು. ಈ ಭಾಗದಲ್ಲಿ ಜೋರ್ವೆ ಮಡಕೆ ಅಂತ ಸಿಗುತ್ತದೆ. ಕೆಂಪು ಮೈ, ಮೇಲೆ ಕಪ್ಪು ಗೆರೆ. ಚೆನ್ನಾಗಿ ಬೆಂದಿರುವುದರಿಂದ ಬೆರಳಲ್ಲಿ ಹೊಡೆದರೆ ಲೋಹದ ಹಾಗೆ ‘ಟಣ್’ ಅನ್ನುತ್ತದೆ. ಆ ಸದ್ದು, ಆ ಗೆರೆ, ಅಂಚಿನ ತಿರುವು ನೋಡಿ ಅಭ್ಯಾಸ ಇದ್ದವರು ನಿಂತಲ್ಲೇ ಕಾಲದ ಅಂದಾಜು ಹೇಳಬಹುದು. ನಾಯಕಿ ಚೂರು ಎತ್ತಿ, ಮಣ್ಣು ಒರೆಸಿ, ಕಿವಿ ಹತ್ತಿರ ಹಿಡಿದು ಬೆರಳಲ್ಲಿ ಹೊಡೆಯುತ್ತಾಳೆ. ಟಣ್. “ಮೂರು ಸಾವಿರ ವರ್ಷ, ಹತ್ತಿರ ಹತ್ತಿರ.” ಅದು ಒಂದೇ ಟೇಕ್‌ಗೆ ಓಕೆ ಆಯಿತು. ಆ ನಟಿ ಆಮೇಲೆ ಟೀ ಕಪ್ಪನ್ನೂ ಹೊಡೆದು ನೋಡುತ್ತಿದ್ದಳು.

ಸೋತದ್ದೂ ಉಂಟು. ನಾಯಕಿಯ ಕೈಯಿಂದ ಬ್ರಶ್ ಬಿಡಿಸಲು ಆಗಲೇ ಇಲ್ಲ. ನಮ್ಮ ಕೈಯಲ್ಲಿ ಇಡೀ ದಿನ ಇರುವುದು ಕರಣೆ. ಬ್ರಶ್ ಹೊರಗೆ ಬರುವುದು ಎಲುಬಿನಂಥ ನಾಜೂಕಿನ ಕೆಲಸಕ್ಕೆ, ಫೋಟೋಕ್ಕೆ ಮುಂಚೆ. ಇನ್ನೊಂದು, ಮಣ್ಣು ಹೊರುವ ಹೆಂಗಸರು. ಅಕ್ಕಪಕ್ಕದ ಊರಿಂದ ಬರುವ ಅವರಿಲ್ಲದೆ ನಮ್ಮ ಕ್ಯಾಂಪೇ ಇಲ್ಲ. ಘಮೇಲಾಕ್ಕೆ, ಅಂದರೆ ಮಣ್ಣು ಹೊರುವ ಬಾಣಲೆಗೆ, ಸುರಿದ ಮಣ್ಣಲ್ಲಿ ಕಾಳಿನಷ್ಟು ಸಣ್ಣ ಮಣಿಯನ್ನು ನಮಗಿಂತ ಮೊದಲು ಹಿಡಿಯುವುದು ಅವರ ಕಣ್ಣೇ. ಒಂದು ಮಣಿಯನ್ನಾದರೂ ಅಂಥ ಹೆಂಗಸೊಬ್ಬಳೇ ಗುರುತಿಸಲಿ ಅಂತ ಕೇಳಿಕೊಂಡೆ. ಕ್ಲೋಸಪ್ ನಾಯಕಿಗೇ ಸೇರಿದ್ದು ಅಂದರು. ಇಬ್ಬರು ಜೂನಿಯರ್ ಕಲಾವಿದೆಯರನ್ನು ಹೊಸ ಸೀರೆ ಉಡಿಸಿ ದೂರದಲ್ಲಿ ನಿಲ್ಲಿಸಿದರು. ಅದೇ ದೊಡ್ಡ ಉಪಕಾರ.

ಬುರುಡೆಯನ್ನು ನಾಯಕಿ ಮನೆಗೆ ಒಯ್ಯುವ ದೃಶ್ಯ ಮಾತ್ರ ಕಾನೂನಿನ ಹೆಸರು ಹೇಳಿ ತೆಗೆಸಿದೆ. ಪರವಾನಗಿ ಇಲ್ಲದೆ ಅಗೆಯುವ ಹಾಗಿಲ್ಲ, ಸಿಕ್ಕಿದ್ದೆಲ್ಲ ರಿಜಿಸ್ಟರಿಗೆ ಏರಬೇಕು. 1878ರ ನಿಧಿ ಕಾಯ್ದೆ ಪ್ರಕಾರ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಯಾರಿಗೆ ಸಿಕ್ಕರೂ ಕಲೆಕ್ಟರಿಗೆ ತಿಳಿಸಬೇಕು. ಹತ್ತು ರೂಪಾಯಿ ಅಂದದ್ದಕ್ಕೆ ಇಡೀ ಯೂನಿಟ್ ನಕ್ಕಿತು.

ಸಲಹೆಗಾರರು ಇದ್ದ ಮಾತ್ರಕ್ಕೆ ಎಲ್ಲ ಸರಿ ಹೋಗುತ್ತದೆ ಅಂತಲ್ಲ. 2008ರಲ್ಲಿ ಬಿಬಿಸಿ ‘ಬೋನ್‌ಕಿಕರ್ಸ್’ ಅನ್ನುವ ಧಾರಾವಾಹಿ ಮಾಡಿದಾಗ ಪುರಾತತ್ವದ ಪ್ರಾಧ್ಯಾಪಕರೇ ಜೊತೆಗಿದ್ದರು. ಆದರೂ ಕಥೆ ಕತ್ತಿಯಿಂದ ತಲೆ ಕಡಿಯುವವರೆಗೆ ಹೋಯಿತು. ಆರು ಕಂತಿಗೆ ಮುಗಿಯಿತು.

ಉಳಿದದ್ದು ಶಾಪ. ಶಾಪವೇ ಇಲ್ಲ ಅಂತ ಹೇಳಲು ನನ್ನಿಂದ ಆಗಲಿಲ್ಲ, ಯಾಕೆಂದರೆ ನಮ್ಮ ಶಾಸನಗಳ ತುಂಬ ಶಾಪವೇ. ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ತಗಲಲಿ ಅಂತ ಎಷ್ಟು ಕನ್ನಡ ಶಾಸನಗಳು ಮುಗಿಯುವುದಿಲ್ಲ! ಆದರೆ ಅದು ಸಮಾಧಿ ತೆರೆದವರಿಗೆ ಅಲ್ಲ. ದಾನ ಕೊಟ್ಟ ಹೊಲ ನುಂಗಿದವರಿಗೆ. ಗುಪ್ತ ಬಾಗಿಲು, ನಿಧಿಯ ದಾರಿ ಏನೂ ಇಲ್ಲ. ಎಷ್ಟು ಮತ್ತರು ಜಮೀನು, ಯಾವ ದೇವರ ದೀಪಕ್ಕೆ, ಇಂಥ ಲೆಕ್ಕವೇ ಜಾಸ್ತಿ. ನಿಮಗೆ ಶಾಪವೇ ಬೇಕಿದ್ದರೆ ಇಲ್ಲಿಯದೇ ಹಾಕಿ ಅಂತ ಬರಹಗಾರರಿಗೆ ಮುಂಬೈ-ಠಾಣೆ ಕಡೆ ಸಿಗುವ ಗಧೇಗಳದ ಫೋಟೋ ಕಳಿಸಿದೆ. ಶಿಲಾಹಾರ ಅರಸರ ಕಾಲದ ದಾನದ ಕಲ್ಲು. ಮೇಲೆ ಸೂರ್ಯ ಚಂದ್ರ, ನಡುವೆ ಬರಹ, ಕೆಳಗೆ ಒಂದು ಕತ್ತೆ, ಒಬ್ಬ ಹೆಂಗಸು. ದಾನ ಕೆಡಿಸಿದವನ ತಾಯಿಗೆ ಹಾಕಿದ ಬೈಗುಳವನ್ನೇ ಕಲ್ಲಲ್ಲಿ ಕೆತ್ತಿದ್ದಾರೆ. ಓದುಬರಹ ಬಾರದವನಿಗೂ ತಿಳಿಯಲಿ ಅಂತ.

ಸಂಜೆಗೆ ಉತ್ತರ ಬಂತು. “ಮೇಡಂ, ನಮ್ಮದು ರಾತ್ರಿ ಎಂಟು ಗಂಟೆಯ ಸೀರಿಯಲ್. ಮನೆಮಂದಿಯೆಲ್ಲ ಕೂತು ನೋಡ್ತಾರೆ.”