ಬಟ್ಟೆ ಕತ್ತರಿಸುವ ಮಷೀನು: ಕೊಳ್ಳುವ ಮೊದಲು ನಾನು ಹಾಕಿದ ಲೆಕ್ಕ

ಬಟ್ಟೆಯ ತುಂಡು ಜೋಡಿಸಿ ಮಾಡುವ ಹೊದಿಕೆ, ಅಂದರೆ ಕ್ವಿಲ್ಟ್ ಹೊಲಿಯುವವರಿಗೆ ಹೊಲಿಗೆಯಷ್ಟೇ ದೊಡ್ಡ ಕೆಲಸ ಕತ್ತರಿಸುವುದು. ಧಾರವಾಡದ ಮನೆಯಲ್ಲೇ ಕೂತು ಕೂಸುಗಳ ಕ್ವಿಲ್ಟು, ಕೌದಿ ಆರ್ಡರ್ ಮೇಲೆ ಮಾಡಿಕೊಡುತ್ತೇನೆ. ಕೆಲಸ ಹೆಚ್ಚಾದಂತೆ ಗೆಳತಿಯರೆಲ್ಲ ಒಂದೇ ಮಾತು: ಕಂಪ್ಯೂಟರ್ ಹೇಳಿದಂತೆ ಬಟ್ಟೆ ಕತ್ತರಿಸುವ ಮಷೀನು ಬಂದಿದೆ, ತಗೊಂಡುಬಿಡಿ. ಒಂದು ಒಳ್ಳೆಯ ಹೊಲಿಗೆ ಮಷೀನಿನಷ್ಟು ದುಡ್ಡು ಹಾಕಬೇಕಾದ ವಸ್ತು ಅದು. ಹಾಗಾಗಿ ಮೊದಲು ಪರಿಚಯದವರೊಬ್ಬರ ಮಷೀನು ಎರವಲು ತಂದು, ನನ್ನ ಟೇಬಲ್ಲಿನ ಮೇಲೆ ನನ್ನದೇ ಆರ್ಡರಿನ ಬಟ್ಟೆ ಹಾಕಿ ನೋಡಿದೆ.

ನನ್ನ ಕೈಯಲ್ಲಿ ಈಗಾಗಲೇ ಇದ್ದದ್ದು 45 ಮಿಲಿಮೀಟರಿನ ರೋಟರಿ ಕಟ್ಟರ್, 24 ಇಂಚಿನ ಪಾರದರ್ಶಕ ಸ್ಕೇಲು ಮತ್ತು ಕೆಳಗೆ ಹಾಸುವ ಹಸಿರು ಮ್ಯಾಟು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಈ ಉರುಳು ಬ್ಲೇಡಿನ ಕಟ್ಟರನ್ನು ತಂದ ಮೇಲೆ ಕ್ವಿಲ್ಟ್ ಹೊಲಿಯುವವರ ಕೆಲಸದ ವೇಗವೇ ಬದಲಾಯಿತು. ಹೊಸ ಮಷೀನು ಗೆಲ್ಲಬೇಕಾದದ್ದು ಕತ್ತರಿಯ ಎದುರಲ್ಲ, ಈ ಕಟ್ಟರಿನ ಎದುರು.

ಚೌಕದ ಲೆಕ್ಕ ತೆಗೆದುಕೊಳ್ಳಿ. 44 ಇಂಚು ಅಗಲದ ಕಾಟನ್ನನ್ನು ಅಂಚಿಗೆ ಅಂಚು ಕೂಡಿಸಿ ಎರಡು ಪದರ ಮಾಡಿ, 5 ಇಂಚಿನ ಒಂದು ಪಟ್ಟಿ ತೆಗೆದರೆ 8 ಚೌಕ ಸಿಗುತ್ತವೆ. ಅದರ ಮೇಲೆ ಇನ್ನೊಂದು ಬಣ್ಣದ ಬಟ್ಟೆ ಹೀಗೇ ಮಡಚಿಟ್ಟರೆ ಅದೇ ಕೈಯಲ್ಲಿ 16. ಮಷೀನಿನ ಅಂಟು ಮ್ಯಾಟು 12 ಇಂಚು ಅಗಲ, ದೊಡ್ಡದಾದರೆ 24 ಇಂಚು ಉದ್ದ. ಅದರ ಮೇಲೆ ಒಂದೇ ಪದರ ಹಾಸಬೇಕು. ಅಡ್ಡಕ್ಕೆ ಎರಡು, ಉದ್ದಕ್ಕೆ ನಾಲ್ಕು, ಒಟ್ಟು 8 ಚೌಕ. ಇನ್ನು 44 ಇಂಚು ಉದ್ದದ ಪಟ್ಟಿ ಬೇಕೆಂದರೆ ಮ್ಯಾಟಿನಲ್ಲಿ ಅದು ಹಿಡಿಸುವುದೇ ಇಲ್ಲ. ತ್ರಿಕೋನಕ್ಕೂ ಮಷೀನು ಬೇಡ: ಎರಡು ಚೌಕ ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಎಳೆದ ಗೆರೆಯ ಎರಡೂ ಬದಿ ಕಾಲಿಂಚು ಬಿಟ್ಟು ಹೊಲಿದು, ಗೆರೆಯ ಮೇಲೆ ಕತ್ತರಿಸಿದರೆ ಎರಡು ಜೋಡಿ ತ್ರಿಕೋನ ಹೊಲಿದೇ ಕೈಗೆ ಬರುತ್ತವೆ.

ಆಮೇಲೆ ತಯಾರಿ. ಜಾಹೀರಾತಿನ ವಿಡಿಯೊದಲ್ಲಿ ಬ್ಲೇಡು ಓಡುವುದಷ್ಟೇ ಕಾಣುತ್ತದೆ. ಬಟ್ಟೆ ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮ್ಯಾಟಿನ ಅಳತೆಗೆ ಮೊದಲು ಕೈಯಿಂದಲೇ ತುಂಡು ಮಾಡಿ, ನೇಯ್ಗೆಯ ಎಳೆ ಮ್ಯಾಟಿನ ಗೆರೆಗೆ ನೇರವಾಗಿ ಬರುವಂತೆ ಹಾಸಿ, ರೋಲರಿನಿಂದ ಒತ್ತಬೇಕು. ಎಳೆ ಸ್ವಲ್ಪ ಓರೆಯಾದರೂ ಮಷೀನು ಹೇಳಿದ ಅಳತೆಗೇ ಕತ್ತರಿಸುತ್ತದೆ, ಆದರೆ ಹೊಲಿಯುವಾಗ ಆ ಚೌಕ ಎಳೆದುಕೊಂಡು ಸೊಟ್ಟಗಾಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಹೆಣ್ಣುಮಗಳು ಪಕ್ಕದಲ್ಲಿ ನಿಂತು ನೋಡಿ, “ಅಕ್ಕಾರ, ಕತ್ತರಿಸೋದು ಇದು ಮಾಡತೈತಿ ಖರೆ, ಉಳಿದದ್ದೆಲ್ಲಾ ನಾವೇ ಮಾಡಬೇಕಲ್ರಿ” ಎಂದಳು. ಚೌಕದ ಮಟ್ಟಿಗೆ ಅವಳ ಮಾತೇ ತೀರ್ಪು.

ಹಳೆಯ ಸೀರೆಯ ಕೌದಿಗೆ ಇದು ಹೊಂದುವುದೇ ಇಲ್ಲ. ಸವೆದ ಕಾಟನ್ ಸೀರೆ ಮೆತ್ತಗಾಗಿ ಜೋಲುತ್ತದೆ, ಅದರ ನೂಲಿನ ದೂಳೆಲ್ಲ ಮ್ಯಾಟಿಗೆ ಹತ್ತಿ ಅಂಟು ಬೇಗ ಹೋಗುತ್ತದೆ. ಅಂಚಿಗೆ ಸಣ್ಣ ಕಚ್ಚು ಕೊಟ್ಟು ಕೈಯಿಂದ ಹರಿದರೆ ಎಳೆಯ ಗುಂಟ ನೇರ ಪಟ್ಟಿ ಬರುತ್ತದೆ, ಯಾವ ಸ್ಕೇಲೂ ಬೇಡ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಎಂಬ ಕೌದಿ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅವರು ಒಂದು ಮೂಲೆಯಿಂದ ಶುರುಮಾಡಿ ಸುತ್ತುತ್ತ ನಡುವಿನ ಕಡೆಗೆ ಹೊಲಿದುಕೊಂಡು ಹೋಗುತ್ತಾರೆ. ತುಂಡಿನ ಅಳತೆ ಆ ಜಾಗ ನೋಡಿ ಹುಟ್ಟುತ್ತದೆ. ಮೊದಲೇ ಕತ್ತರಿಸಿಟ್ಟ ತುಂಡಿಗೆ ಅಲ್ಲಿ ಕೆಲಸವಿಲ್ಲ, ಮತ್ತು ಆ ಚೆಲುವು ಮಷೀನಿನಿಂದ ಬರುವಂಥದ್ದಲ್ಲ.

ಇಷ್ಟಾದರೂ ಎರವಲು ತಂದ ಮಷೀನನ್ನು ನಾನು ಹಿಂದಿರುಗಿಸಲು ತಡಮಾಡಿದೆ. ಕಾರಣ ಕನ್ನಡದ ಅಕ್ಷರ.

ಕೂಸಿನ ಹೆಸರು ಬರೆದ ಕ್ವಿಲ್ಟು ಕೇಳುವವರು ಈಗ ಬಹಳ. ನಮ್ಮ ಲಿಪಿ ಪೂರ್ತಿ ದುಂಡು. ‘ಶ್ರಾವಣಿ’ ಎಂಬ ಹೆಸರನ್ನು 5 ಇಂಚಿನ ಎತ್ತರಕ್ಕೆ ಬಟ್ಟೆಯಲ್ಲಿ ಕತ್ತರಿಸಿ ನೋಡಿ: ಶಕಾರದ ಸುರುಳಿ, ಕೆಳಗಿನ ರ ಒತ್ತು, ಣಿಯ ತಲೆಯ ಮೇಲಿನ ಗುಡಿಸು, ಪ್ರತಿಯೊಂದರಲ್ಲೂ ಕತ್ತರಿಯ ತುದಿ ತಿರುಗಿಸಿ ತಿರುಗಿಸಿ ಬೆರಳು ಸೋಲುತ್ತದೆ, ಒಳಗಿನ ತೂತು ಒಂದೊಂದು ಕಡೆ ಒಂದೊಂದು ಆಕಾರವಾಗುತ್ತದೆ. ಇಲ್ಲಿ ಮಷೀನಿನ ಕೆಲಸ ನೋಡಿ ಮನಸ್ಸು ತುಂಬಿತು.

ಆದರೆ ಅದಕ್ಕೊಂದು ಕ್ರಮವಿದೆ. ಹೆಸರನ್ನು ನಾನು ಮಷೀನಿನ ತಂತ್ರಾಂಶದಲ್ಲಿ ಟೈಪ್ ಮಾಡುವುದಿಲ್ಲ. ಉಚಿತವಾಗಿ ಸಿಗುವ, ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ, ‘ಬಾಲೂ ತಮ್ಮ’ ಎಂಬಂಥ ದಪ್ಪ, ದುಂಡು ಫಾಂಟಿನಲ್ಲಿ ಬರೆದು, ಅಕ್ಷರವನ್ನು ಬರೀ ಗೆರೆಯ ಆಕಾರವಾಗಿ ಬದಲಿಸುತ್ತೇನೆ. ಒತ್ತಕ್ಷರ, ಗುಣಿತದ ಚಿಹ್ನೆ ಮೂಲ ಅಕ್ಷರದ ಮೇಲೆ ಹತ್ತಿ ಕೂತ ಕಡೆ ಎರಡನ್ನೂ ಬೆಸೆದು ಒಂದೇ ಆಕಾರ ಮಾಡಬೇಕು. ಇಲ್ಲದಿದ್ದರೆ ಬ್ಲೇಡು ಎರಡರ ಗೆರೆಯನ್ನೂ ಕತ್ತರಿಸಿ ಅಕ್ಷರ ನಡುವೆ ತುಂಡಾಗುತ್ತದೆ. ಬಟ್ಟೆಯ ಹಿಂಬದಿಗೆ, ಇಸ್ತ್ರಿ ಶಾಖಕ್ಕೆ ಎರಡೂ ಕಡೆ ಅಂಟುವ ಫ್ಯೂಸಿಂಗ್ ಹಾಳೆ ಹಚ್ಚುತ್ತೇನೆ. ಅದು ಕೊಡುವ ಬಿಗಿಯಿಂದಲೇ ಸಣ್ಣ ತಿರುವು ಚೊಕ್ಕವಾಗಿ ಬರುತ್ತದೆ, ಎಳೆ ಬಿಡುವುದೂ ಕಡಿಮೆ. ಬಟ್ಟೆಯ ಮುಖ ಕೆಳಗೆ ಮಾಡಿ ಹಾಸಿದರೆ ಹೆಸರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಕೊಡಬೇಕು.

ಬ್ಲೇಡಿನ ವಿಷಯ ಕೊಳ್ಳುವ ಮೊದಲೇ ತಿಳಿದಿರಲಿ. 2017ರಲ್ಲಿ ಬಂದ ಕ್ರಿಕಟ್ ಮೇಕರ್ ಎಂಬ ಕತ್ತರಿಸುವ ಮಷೀನಿನ ಉರುಳು ಬ್ಲೇಡು ಹಿಂದೆ ಏನೂ ಹಚ್ಚದ ಬಟ್ಟೆಯನ್ನೂ ಕತ್ತರಿಸುತ್ತದೆ. ಆದರೆ ಮುಕ್ಕಾಲು ಇಂಚಿಗಿಂತ ಸಣ್ಣ ಆಕಾರಕ್ಕೆ ಅದು ಬೇಡವೆಂದು ಕಂಪನಿಯೇ ಹೇಳುತ್ತದೆ. ನಮ್ಮ ಒತ್ತಕ್ಷರಕ್ಕೆ ಫ್ಯೂಸಿಂಗ್ ಹಚ್ಚಿದ ಬಟ್ಟೆಗೆಂದೇ ಇರುವ ಮೊನೆ ಬ್ಲೇಡೇ ಸರಿ. ಬ್ರದರ್ ಕಂಪನಿಯ ಇಂಥದೇ ಮಷೀನಾದ ಸ್ಕ್ಯಾನ್‌ಎನ್‌ಕಟ್ಟಿನಲ್ಲಿ ಸ್ಕ್ಯಾನರ್ ಒಳಗೇ ಇರುತ್ತದೆ. ಕಂಪ್ಯೂಟರ್ ಜೋಡಿಸದೆಯೂ ಓಡುತ್ತದೆ, ಮ್ಯಾಟಿನ ಮೇಲಿನ ಬಟ್ಟೆಯ ಚಿತ್ರವನ್ನು ಪರದೆಯಲ್ಲಿ ನೋಡಿಕೊಂಡೇ ಎಲ್ಲಿ ಕತ್ತರಿಸಬೇಕೆಂದು ಹೇಳಬಹುದು. ನಾನು ಗುಳೇದಗುಡ್ಡದ ಖಣವನ್ನು ಬಹಳ ಬಳಸುತ್ತೇನೆ. ಅದರ ಒಂದು ಬುಟ್ಟಾ ಸರಿಯಾಗಿ ಹೂವಿನ ನಡುವೆ ಬರಬೇಕೆಂದರೆ ಈ ಸೌಕರ್ಯ ದೊಡ್ಡದು.

ಇನ್ನೊಂದು ಉಪಯೋಗವನ್ನು ಮಾರುವವರು ಹೇಳುವುದೇ ಇಲ್ಲ: ಕಾಗದ. ಆರು ಮೂಲೆಯ ತುಂಡುಗಳನ್ನು ಕಾಗದದ ಅಚ್ಚಿಗೆ ಸುತ್ತಿ ಕೈಯಿಂದ ಹೊಲಿಯುವ ಪದ್ಧತಿಯಲ್ಲಿ ಬಟ್ಟೆ ಸುಮಾರಾಗಿ ಕತ್ತರಿಸಿದರೂ ನಡೆಯುತ್ತದೆ, ಅಚ್ಚು ಮಾತ್ರ ಕೂದಲೆಳೆಯಷ್ಟೂ ತಪ್ಪಬಾರದು. ದಪ್ಪ ಕಾಗದವನ್ನು ಮಷೀನಿಗೆ ಕೊಟ್ಟರೆ ಒಂದೇ ಅಳತೆಯ ಅಚ್ಚು ರಾಶಿ ಬೀಳುತ್ತವೆ.

ಮಣಿಕಟ್ಟು ನೋವಿರುವವರ ಲೆಕ್ಕವೇ ಬೇರೆ. ನಮ್ಮ ಅತ್ತಿಗೆಗೆ ರೋಟರಿ ಕಟ್ಟರ್ ಒತ್ತಿ ಹಿಡಿಯಲಾಗದು. ಅಂಥವರು ಅಚ್ಚು ಒತ್ತಿ ಕತ್ತರಿಸುವ ಅಕ್ಯುಕ್ವಿಲ್ಟಿನಂಥ ಉಪಕರಣವನ್ನೂ ನೋಡಬೇಕು. ಹಿಡಿ ತಿರುಗಿಸಿದರೆ ಕಾಟನ್ನಿನ ಆರು ಪದರದವರೆಗೆ ಒಮ್ಮೆಗೇ ಆಗುತ್ತದೆ, ಚೌಕ, ಪಟ್ಟಿಗೆ ಅದೇ ವಾಸಿ. ಆಕಾರಕ್ಕೊಂದು ಅಚ್ಚು ಕೊಳ್ಳಬೇಕು ಎಂಬುದೇ ಅದರ ಖರ್ಚು.

ಕೊನೆಗೆ ಒಂದು ಹಾಳೆಯಲ್ಲಿ ಹಿಂದಿನ ವರ್ಷದ ಆರ್ಡರುಗಳನ್ನೆಲ್ಲ ಬರೆದು, ಎದುರಿಗೆ ಆಕಾರ ಬರೆದೆ: ಚೌಕ, ಪಟ್ಟಿ, ತ್ರಿಕೋನ ಒಂದು ಕಡೆ, ಹೆಸರು, ಹೂವು, ಆನೆ, ನವಿಲು ಇನ್ನೊಂದು ಕಡೆ. ಎರಡನೆಯ ಸಾಲು ಚಿಕ್ಕದಾಗಿದ್ದರೆ ಖಂಡಿತ ಬಿಡುತ್ತಿದ್ದೆ. ಅದು ಅರ್ಧದ ಹತ್ತಿರ ಬಂದಿತ್ತು, ಮತ್ತು ಬೆರಳು ನೋಯುತ್ತಿದ್ದದ್ದೆಲ್ಲ ಆ ಸಾಲಿನಲ್ಲೇ. ಸ್ಕ್ಯಾನರ್ ಇರುವ ಮಷೀನು ಕೊಂಡೆ, ಜೊತೆಗೊಂದು ಯುಪಿಎಸ್. ನಡುವೆ ಕರೆಂಟು ಹೋದರೆ ಮ್ಯಾಟಿನ ಮೇಲಿನ ಬಟ್ಟೆ ಕೆಡುತ್ತದೆ. ಚೌಕ ಈಗಲೂ ಕಟ್ಟರಿನಿಂದಲೇ. ಮ್ಯಾಟು, ಬ್ಲೇಡು, ಫ್ಯೂಸಿಂಗ್ ಹಾಳೆ ಖರ್ಚಾಗುತ್ತಲೇ ಇರುವ ಸಾಮಾನು, ಆದ್ದರಿಂದ ಹೆಸರಿನ ಕ್ವಿಲ್ಟಿಗೆ ಅಕ್ಷರಕ್ಕೆ ಇಷ್ಟು ಎಂದು ಬೇರೆ ದರ ಹಿಡಿದು, ಆ ದುಡ್ಡನ್ನು ಅದಕ್ಕೆಂದೇ ತೆಗೆದಿಡುತ್ತೇನೆ.