ಹಾವು ಕಚ್ಚಿದ ಕರಿಯನನ್ನು ಉಳಿಸಿಕೊಂಡಿದ್ದು ಹೀಗೆ

ಕಳೆದ ಮಳೆಗಾಲದ ಕೊನೆ, ಸಂಜೆ ಆರೂವರೆ ಇರಬೇಕು. ನಮ್ಮ ನಾಯಿ ಕರಿಯ ತೋಟದ ದರಕಿನ (ಒಣ ಎಲೆಯ) ರಾಶಿ ಕಡೆಯಿಂದ ಮೂರು ಕಾಲಲ್ಲಿ ಕುಂಟುತ್ತಾ ಬಂದ. ಬಲ ಮುಂಗಾಲು ಊದಿತ್ತು. ಎರಡು ಚುಕ್ಕೆಯಿಂದ ನೀರಿನಂಥ ರಕ್ತ ಜಿನುಗುತ್ತಿತ್ತು, ಒರೆಸಿದರೂ ನಿಲ್ಲಲಿಲ್ಲ. ಕೊಳಕುಮಂಡಲ ಹಾವು ಕಚ್ಚಿರಬೇಕು ಅನ್ನಿಸಿತು. ಹಾವು ಹುಡುಕುತ್ತಾ ಕೂರಲಿಲ್ಲ.

ಇದಕ್ಕೂ ಮುಂಚೆ ಎರಡು ಸಲ ಸೋತಿದ್ದೇನೆ. ಮೊದಲ ನಾಯಿಯ ಕಾಲಿಗೆ ಹಗ್ಗ ಬಿಗಿದು, ಯಾರೋ ಹೇಳಿದ ಬೇರು ತೇಯ್ದು ಕುಡಿಸುತ್ತಾ ಮೂರು ತಾಸು ಕಳೆದೆ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿತು. ಆಮೇಲೆ ಬೆಕ್ಕು. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟೆ. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ ಸತ್ತಿತು. ಬೆಕ್ಕಿಗೆ ಅದು ವಿಷ ಅಂತ ಗೊತ್ತಾಗಿದ್ದು ಆಮೇಲೆ. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಅವತ್ತಿನಿಂದ ಒಂದು ರೂಢಿ ಇಟ್ಟುಕೊಂಡೆ. ರಾತ್ರಿ ಅನ್ನ ಹಾಕುವ ಮೊದಲು ನಾಯಿಯ ಒಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಡುವುದು. ಬಿಳುಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಆಗಬೇಕು. ಕರಿಯನ ಒಸಡೂ ಕಪ್ಪು, ಹಾಗಾಗಿ ಅವನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತೇನೆ. ಮಲಗಿದ್ದಾಗ ಅವನ ಉಸಿರು ನಿಮಿಷಕ್ಕೆ 20-22. ತಿಂಗಳಿಗೊಮ್ಮೆ ಅವನನ್ನು ಎತ್ತಿಕೊಂಡು ಅಡಿಕೆ ತೂಗುವ ತಕ್ಕಡಿ ಹತ್ತಿ, ನನ್ನ ತೂಕ ಕಳೆಯುತ್ತೇನೆ. ಎಲ್ಲವೂ ಕೊಟ್ಟಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ. "ಎಂತದು ಮಾರಾಯಾ, ನಾಯಿಗೂ ಲೆಕ್ಕ ಪುಸ್ತಕವಾ?" ಅಂದಿದ್ದ ಪಕ್ಕದ ಮನೆ ಭಾವ. ಇದೇ ಗೋಡೆ ನೋಡಿಯೇ ಒಮ್ಮೆ ಉಣುಗು (ಉಣ್ಣೆ) ಕಚ್ಚಿ ಬರುವ ಜ್ವರವನ್ನು ಬೇಗ ಹಿಡಿದಿದ್ದೆ. ಆಕಳಿನ ಉಸಿರೂ ಎಣಿಸಲು ಹೊರಟು ನಾಲ್ಕೇ ದಿನಕ್ಕೆ ಬಿಟ್ಟೆ, ಕೆಲಸದ ನಡುವೆ ಆಗುವುದಿಲ್ಲ.

ಹಾವು ಕಚ್ಚಿದ ಆ ಸಂಜೆ ಕರಿಯನ ಉಸಿರು 46. ರೆಪ್ಪೆ ಒಳಗೆ ಬಿಳುಚಿತ್ತು. ಹಗ್ಗ ಕಟ್ಟಲಿಲ್ಲ, ಗಾಯ ಕೊಯ್ಯಲಿಲ್ಲ, ಬಾಯಿಗೆ ಏನೂ ಹಾಕಲಿಲ್ಲ. ಕುತ್ತಿಗೆ ಪಟ್ಟಿ ಬಿಚ್ಚಿದೆ. ಊತದ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದೆ, ಕಪ್ಪು ಕೂದಲಿನ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಒಂದು ಹೆಜ್ಜೆಯೂ ನಡೆಸದೆ, ಗೋಣಿಚೀಲಕ್ಕೆ ಎರಡು ಬಿದಿರು ತೂರಿಸಿ ಇಬ್ಬರು ಹೊತ್ತು ವ್ಯಾನಿಗೆ ಹಾಕಿದೆವು. ಶಿರಸಿ ಮುಟ್ಟಲು ಮುಕ್ಕಾಲು ತಾಸು. ದಾರಿಯಲ್ಲೇ ಡಾಕ್ಟರಿಗೆ ಫೋನು: 18 ಕಿಲೋ, ಆರೂವರೆಗೆ ಕಂಡಿದ್ದು, ರಕ್ತ ನಿಲ್ಲುತ್ತಿಲ್ಲ. ಅಷ್ಟರಲ್ಲಿ ಊತ ಗೆರೆ ದಾಟಿ ನಾಲ್ಕು ಬೆರಳು ಮೇಲೆ ಹೋಗಿತ್ತು.

ಡಾಕ್ಟರು ಹೊಸ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಿಡಿದು 20 ನಿಮಿಷ ಅಲುಗಿಸದೆ ಇಟ್ಟರು. ಓರೆ ಮಾಡಿದರೆ ನೀರಿನ ಹಾಗೆ ಹರಿಯಿತು, ಹೆಪ್ಪೇ ಕಟ್ಟಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಬಿಡದ ಮಂಡಲದ ವಿಷವೇ. ಹಾವು ಕಚ್ಚಿದ ಮನುಷ್ಯರಿಗೆ ಕೊಡುವ ವಿಷದ ಔಷಧಿಯನ್ನೇ ಡ್ರಿಪ್ಪಿನಲ್ಲಿ ಕೊಟ್ಟರು, ನಾಲ್ಕು ಬಾಟ್ಲಿ. ಒಂದಕ್ಕೆ 700 ರೂಪಾಯಿ ಹತ್ತಿರ. ಎಲ್ಲ ಸೇರಿ ಹನ್ನೆರಡು ಸಾವಿರ ಆಗಿರಬೇಕು. ನಮ್ಮ ಮಲೆನಾಡಿನ ಗುಳಿಮಂಡಲ ಅನ್ನುವ ಬೇರೆ ಜಾತಿಯ ಹಾವು ಕಚ್ಚಿದರೆ ಈ ಔಷಧಿ ನಾಟುವುದಿಲ್ಲ, ಅದೂ ತಿಳಿದಿರಲಿ.

ಬೆಳಿಗ್ಗೆ ಮತ್ತೆ ನೋಡಿದಾಗ ನಳಿಕೆಯಲ್ಲಿ ರಕ್ತ ಗಟ್ಟಿಯಾಗಿತ್ತು. ಆರನೇ ದಿನ ಕರಿಯ ಅನ್ನ ತಿಂದ. ಕಚ್ಚಿದ ಜಾಗದಲ್ಲಿ ಕೂದಲು ಇನ್ನೂ ಬಂದಿಲ್ಲ, ತೂಕ ಮಾತ್ರ ಮತ್ತೆ 18ಕ್ಕೆ ಏರಿದೆ.